ಇಆರ್‌ಪಿ ತಡವಾದರೆ ಹೊಣೆ ಯಾರದು? ಅನುಭವ ಇರುವವರು ತಿಳಿಸಿ

ಖರೀದಿ, ಸ್ಟೋರ್, ಅಕೌಂಟ್ಸ್ ಮೂರನ್ನೂ ಒಂದೇ ಇಆರ್‌ಪಿಗೆ (ಎಲ್ಲ ವಿಭಾಗಗಳ ಕೆಲಸ ಒಂದೆಡೆ ನಡೆಸುವ ಸಾಫ್ಟ್‌ವೇರ್) ತರುವ ಕೆಲಸ ಎಂಟು ತಿಂಗಳಿಂದ ನಡೆದಿದೆ. ತಡ ಏಕೆ ಎಂದರೆ ಐಟಿಯವರು ವೆಂಡರ್ (ಸಾಫ್ಟ್‌ವೇರ್ ಅಳವಡಿಸುವ ಕಂಪನಿ) ಕಡೆ, ವೆಂಡರ್ ನಮ್ಮ ವಿಭಾಗಗಳ ಕಡೆ ಬೆರಳು ತೋರಿಸುತ್ತಾರೆ. ಹೊಣೆ ಯಾರಿಗೆ, ಹೇಗೆ ವಹಿಸಬೇಕು?

ಉತ್ತರ 1
ಐಟಿ ಮುಖ್ಯಸ್ಥರ ತಲೆಗೆ ಕಟ್ಟಬೇಡಿ. ಸ್ಟೋರ್‌ನಲ್ಲಿ ಮಾಲು ಇಳಿಸಿಕೊಳ್ಳುವ ಕ್ರಮ ಬದಲಾಯಿಸುವ ಅಧಿಕಾರ ಅವರಿಗಿಲ್ಲ. ಇಡೀ ಯೋಜನೆಗೆ ಸಿಒಒ (ಕಾರ್ಯಾಚರಣೆ ಮುಖ್ಯಸ್ಥರು) ಅಥವಾ ಸಿಎಫ್‌ಒ (ಹಣಕಾಸು ಮುಖ್ಯಸ್ಥರು) ಹೊಣೆ ಹೊರಬೇಕು. ಖರೀದಿ, ಸ್ಟೋರ್, ಅಕೌಂಟ್ಸ್‌ಗೆ ಒಬ್ಬೊಬ್ಬ ಪ್ರೋಸೆಸ್ ಓನರ್, ಅಂದರೆ ಆ ವಿಭಾಗದ ಕೆಲಸದ ಕ್ರಮಕ್ಕೆ ಹೊಣೆಗಾರ, ಇರಬೇಕು. ಒಂದು ಕೆಲಸಕ್ಕೆ ಇಬ್ಬರ ಹೆಸರು ಬರೆದರೆ ಯಾರ ಹೆಸರೂ ಬರೆಯದಂತೆಯೇ. ಓನರ್‌ಗೆ ವಾರದಲ್ಲಿ ಎರಡು ದಿನವಾದರೂ ಬಿಡುವು ಕೊಡಿ, ಆ ದಿನಗಳ ಮಾಮೂಲಿ ಕೆಲಸ ಯಾರು ನೋಡಿಕೊಳ್ಳುತ್ತಾರೆ ಎಂದು ಲಿಖಿತವಾಗಿ ತಿಳಿಸಿ. ಹೆಚ್ಚಿನ ಕಡೆ ಕೆಲಸ ನಿಲ್ಲುವುದೇ ಇಲ್ಲಿ.

ಉತ್ತರ 2
ಡೇಟಾ ಶುದ್ಧ ಮಾಡುವುದನ್ನು ವೆಂಡರ್‌ಗೆ ಬಿಟ್ಟಿದ್ದೀರಾ? ಹಾಗಿದ್ದರೆ ಇವತ್ತೇ ವಾಪಸ್ ತೆಗೆದುಕೊಳ್ಳಿ. ಐಟಂ ಮಾಸ್ಟರ್ (ಎಲ್ಲ ಮಾಲುಗಳ ಕೋಡ್ ಪಟ್ಟಿ) ತೆರೆದು ನೋಡಿ: 'ಬೋಲ್ಟ್ ಎಂ8', 'ಎಂ8 ಬೋಲ್ಟ್', 'ಬೋಲ್ಟ್ 8ಎಂಎಂ' ಎಂದು ಒಂದೇ ಬೋಲ್ಟ್‌ಗೆ ಮೂರು ಕೋಡ್ ಇರುತ್ತದೆ. ಒಂದು ಕೋಡ್‌ನಲ್ಲಿ ಸ್ಟಾಕ್ ಸೊನ್ನೆ ಎಂದು ಸಿಸ್ಟಮ್ ಹೊಸ ಆರ್ಡರ್ ಕಳಿಸುತ್ತದೆ, ಇನ್ನೊಂದರಲ್ಲಿ ಸಾವಿರ ಬಿದ್ದಿರುತ್ತದೆ. ಯಾವುದು ಉಳಿಯಬೇಕು ಎಂದು ಹೇಳಬಲ್ಲವರು ಸ್ಟೋರ್‌ನವರೇ. ಎರಡು ವರ್ಷದಿಂದ ಅಲುಗಾಡದ ಕೋಡ್‌ಗಳನ್ನು ಮೊದಲು ಬದಿಗಿಡಿ, ಪಟ್ಟಿ ಎಷ್ಟೋ ಹಗುರಾಗುತ್ತದೆ.

'90% ಮುಗಿದಿದೆ' ಎಂಬ ವರದಿಯನ್ನೂ ಒಪ್ಪಬೇಡಿ. ಪರ್ಚೇಸ್ ಆರ್ಡರ್‌ನಿಂದ ಬಿಲ್ ಪಾವತಿಯವರೆಗೆ ಎಷ್ಟು ಟೆಸ್ಟ್ ಕೇಸ್‌ಗಳನ್ನು (ಪರೀಕ್ಷೆಯ ಮಾದರಿ ವ್ಯವಹಾರ) ದಿನವೂ ಆ ಕೆಲಸ ಮಾಡುವವರೇ ಮುಗಿಸಿದ್ದಾರೆ, ಆ ಸಂಖ್ಯೆ ಕೇಳಿ.

ಉತ್ತರ 3
ಗೋ-ಲೈವ್, ಅಂದರೆ ಹೊಸ ಸಿಸ್ಟಮ್‌ನಲ್ಲಿ ನಿಜವಾದ ಕೆಲಸ ಶುರು ಮಾಡುವ ಷರತ್ತುಗಳನ್ನು ಈಗಲೇ ಬರೆದಿಡಿ: ಕೆಲಸ ನಿಲ್ಲಿಸುವಂಥ ದೋಷ ಸೊನ್ನೆ, ಹಳೆ-ಹೊಸ ಲೆಕ್ಕದ ಬಾಕಿಗಳು ತಾಳೆಯಾಗಿರಬೇಕು, ಹಿಂದಕ್ಕೆ ಮರಳುವ ದಾರಿಯನ್ನು ಒಮ್ಮೆಯಾದರೂ ನಿಜವಾಗಿ ನಡೆಸಿ ನೋಡಿರಬೇಕು. ಒಂದು ತಪ್ಪಿದರೂ ದಿನಾಂಕ ಮುಂದೂಡುವ ಅಧಿಕಾರ ಸಿಒಒಗೆ ಇರಲಿ.

ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೊಸ ವ್ಯವಸ್ಥೆಗೆ ಹೋದಾಗ ಡೇಟಾ ಸರಿಯಾಗಿಯೇ ಬಂತು, ವ್ಯವಸ್ಥೆ ಮಾತ್ರ ಕೈಕೊಟ್ಟಿತು. ಎಲ್ಲ ಸರಿಹೋಗಲು ಡಿಸೆಂಬರ್ ಆಯಿತು. 2022ರಲ್ಲಿ ಬ್ಯಾಂಕಿಗೆ 4.865 ಕೋಟಿ ಪೌಂಡ್ ದಂಡ ಬಿತ್ತು. 2018ರಲ್ಲಿ ಸಿಐಒ (ಐಟಿ ಮುಖ್ಯಸ್ಥ) ಆಗಿದ್ದವರಿಗೆ 2023ರಲ್ಲಿ ವೈಯಕ್ತಿಕವಾಗಿ 81,620 ಪೌಂಡ್. ಹೊರಗುತ್ತಿಗೆ ಸಂಸ್ಥೆಗೆ ಆ ಕೆಲಸದ ಸಾಮರ್ಥ್ಯ ಇದೆಯೇ ಎಂದು ಸರಿಯಾಗಿ ಪರಿಶೀಲಿಸಲಿಲ್ಲ ಎಂಬುದು ಅವರ ಮೇಲಿನ ಆಕ್ಷೇಪ. ಕೆಲಸ ಹೊರಗೆ ಕೊಡಬಹುದು, ಹೊಣೆ ಕೊಡಲಾಗದು. 'ನಾವು ಸಿದ್ಧ' ಎಂದು ವೆಂಡರ್ ಹೇಳಿದರೆ ಲೋಡ್ ಟೆಸ್ಟ್ (ಎಲ್ಲರೂ ಒಟ್ಟಿಗೆ ಬಳಸಿದರೂ ಸಿಸ್ಟಮ್ ತಡೆಯುತ್ತದೆಯೇ ಎಂಬ ಪರೀಕ್ಷೆ) ಫಲಿತಾಂಶ ಕೈಗೆ ಕೊಡಲಿ.

ಪ್ರಶ್ನೆ ಕೇಳಿದವರು
ತುಂಬಾ ಉಪಯೋಗವಾಯಿತು. ಗೋ-ಲೈವ್ ಆದ ಮೇಲೂ ಜನ ಎಕ್ಸೆಲ್ ಬಿಡದಿದ್ದರೆ?

ಉತ್ತರ 1
ಬೈಯುವ ಮೊದಲು ಆ ಶೀಟ್ ತೆರೆದು ನೋಡಿ. ಸಿಸ್ಟಮ್‌ನಲ್ಲಿ ಇಲ್ಲದ ಕಾಲಮ್ ಯಾವುದೋ ಒಂದು ಅದರಲ್ಲಿ ಇರುತ್ತದೆ, ಉದಾಹರಣೆಗೆ ಭಾಗಶಃ ಬಂದ ಮಾಲಿನ ಬಾಕಿ. ಅದನ್ನು ಸಿಸ್ಟಮ್‌ಗೆ ಸೇರಿಸಿ. ಎರಡು ತಿಂಗಳ ಲೆಕ್ಕ ಹೊಸದರಲ್ಲಿ ಸರಿಯಾಗಿ ಮುಗಿದ ಮೇಲೆ ಹಳೆಯದನ್ನು ಓದಲು ಮಾತ್ರ ತೆರೆದಿಡಿ. ಆಮೇಲೆ ಎಂಡಿ ತಮ್ಮ ಮೀಟಿಂಗ್‌ನಲ್ಲಿ ಇಆರ್‌ಪಿ ಪರದೆಯನ್ನಷ್ಟೇ ನೋಡಲಿ. ಅವರೇ ಎಕ್ಸೆಲ್ ಕಳಿಸಿ ಎಂದು ಕೇಳುತ್ತಿದ್ದರೆ ಕೆಳಗಿನವರು ಅದನ್ನು ಬಿಡುವುದಿಲ್ಲ.