1858ರ ಕೊಪ್ಪಳ ಕೋಟೆ ಕಾಳಗಕ್ಕೆ ಯಾವ ಸೈನಿಕ ಗೊಂಬೆ ಕೊಳ್ಳಬೇಕು?

ಕೋಟೆ ಓಣಿಯ ಮಾಸ್ತರ, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ತರಗತಿಯ ಕಿಟಕಿ ತೆರೆದರೆ ಕೋಟೆ ಗುಡ್ಡ ಎದುರಿಗೇ ಇದೆ. 1858ರ ಜೂನ್ ಆರಂಭದಲ್ಲಿ ಮುಂಡರಗಿ ಭೀಮರಾಯರೂ ಹಮ್ಮಿಗೆಯ ಕೆಂಚನಗೌಡರೂ ಬ್ರಿಟಿಷರ ವಿರುದ್ಧ ಅಲ್ಲಿಯೇ ಹೋರಾಡಿ ಮಡಿದರು ಎಂದು ಹೇಳಿದರೆ ಮಕ್ಕಳು ಒಮ್ಮೆ ಗುಡ್ಡದ ಕಡೆ ನೋಡುತ್ತಾರೆ, ಮತ್ತೆ ಪುಸ್ತಕಕ್ಕೆ ತಲೆ ತಗ್ಗಿಸುತ್ತಾರೆ. ಆ ಕಾಳಗವನ್ನು ಮೇಜಿನ ಮೇಲೆ ವಾರ್‌ಗೇಮ್ ಆಗಿ ಆಡಿಸಬೇಕು, ದಾಳ ಉರುಳಿಸಿ ಅವರೇ ಬಾಗಿಲು ಕಾಯಬೇಕು ಎಂಬುದು ನನ್ನ ಆಸೆ.

ನನ್ನ ಬಳಿ ಇರುವುದು ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೇಜು. ಗೊಂಬೆಗಳ ಗಾತ್ರ ಎಷ್ಟಿರಬೇಕು? ‘1857ರ ಸಿಪಾಯಿಗಳು’ ಎಂದು ಮಾರುವ ಪೊಟ್ಟಣ ಭೀಮರಾಯರ ಕಡೆಗೆ ಆದೀತೇ? ಬ್ರಿಟಿಷರ ಕಡೆ 74ನೇ ಹೈಲ್ಯಾಂಡರ್ಸ್ ಎಂಬ ಸ್ಕಾಟಿಷ್ ಪಡೆ ಇತ್ತೆಂದು ಓದಿದ್ದೇನೆ, ಕಿಲ್ಟ್ (ಸ್ಕಾಟಿಷರ ನೆರಿಗೆಯ ಲಂಗ) ತೊಟ್ಟ ಸೈನಿಕರ ಪೊಟ್ಟಣವೊಂದು ಬಹಳ ಚೆನ್ನಾಗಿ ಕಂಡಿತು. ಮರದ ಗೊಂಬೆಗೆ ಹೆಸರಾದ ಕಿನ್ನಾಳದ ಕಲಾವಿದರಿಂದಲೇ ಪೂರ್ತಿ ಸೈನ್ಯ ಮಾಡಿಸಬಹುದೇ ಎಂಬ ಯೋಚನೆಯೂ ಇದೆ. ಖರ್ಚು ನನ್ನ ಸಂಬಳದಿಂದಲೇ ಆಗಬೇಕು.

ದಂಡಿನ ಬಣ್ಣಗಾರ, ಬಳ್ಳಾರಿ

ಮಾಸ್ತರರೇ, ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ನಮ್ಮ ಭಾಗದ ಕಾಳಗವನ್ನು ಆಡಲು ಹೊರಟವರು ತೀರ ವಿರಳ. ನಾನು ಮದ್ರಾಸ್ ಸೇನೆಯ ಗೊಂಬೆಗಳಿಗೆ ಬಣ್ಣ ಹಚ್ಚುವವನು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕಿಲ್ಟ್ ಪೊಟ್ಟಣವನ್ನು ದಯವಿಟ್ಟು ಕೊಳ್ಳಬೇಡಿ. ಹತ್ತೊಂಬತ್ತನೇ ಶತಮಾನದ ಗೊಂಬೆ ಯಾವ ಪಡೆಯದು, ಯಾವ ವರ್ಷದ್ದು ಎಂದು ಹೇಳುವುದು ಮೂರು ಗುರುತು: ತಲೆಯ ಮೇಲೇನಿದೆ, ಸೊಂಟದ ಕೆಳಗೇನಿದೆ, ಕೈಯಲ್ಲಿರುವ ಕೋವಿ ಯಾವುದು. ಈ ಮೂರೂ ಸರಿಯಾಗಿದ್ದರೆ ಉಳಿದದ್ದನ್ನು ಬಣ್ಣದಲ್ಲಿ ಸರಿಪಡಿಸಬಹುದು. 74ನೇ ಪಡೆ 1809ರಲ್ಲಿ ಹೈಲ್ಯಾಂಡ್ ಉಡುಪನ್ನು ಕಳೆದುಕೊಂಡಿತು. 1845ರಲ್ಲಿ ಹೈಲ್ಯಾಂಡ್ ಎಂಬ ಹೆಸರು ಮರಳಿ ಬಂತು, ಕಿಲ್ಟ್ ಬರಲಿಲ್ಲ. ಅವರಿಗೆ ಸಿಕ್ಕಿದ್ದು ಲಾಮಾಂಟ್ ಎಂಬ ಸ್ಕಾಟಿಷ್ ಮನೆತನದ ಚೌಕುಳಿಯ ಪ್ಯಾಂಟು. ಅಂಗಡಿಗಳಲ್ಲಿ ಕಿಲ್ಟ್ ಗೊಂಬೆ ತುಂಬಿರುವುದಕ್ಕೆ ಕಾರಣ ಲಖನೌ. ಅಲ್ಲಿ ಕಾದಿದ 78 ಮತ್ತು 93ನೇ ಪಡೆಗಳು ಕಿಲ್ಟ್ ತೊಡುತ್ತಿದ್ದವು, ತಯಾರಕರೆಲ್ಲ ಅವರ ಬೆನ್ನು ಹತ್ತಿದ್ದಾರೆ. ಆ ಗೊಂಬೆಗಳನ್ನು ಕೊಪ್ಪಳದ ಬಾಗಿಲ ಮುಂದೆ ನಿಲ್ಲಿಸಿದರೆ ಮಕ್ಕಳು ಸುಳ್ಳನ್ನೇ ಕಲಿಯುತ್ತಾರೆ. ನಿಮಗೆ ಬೇಕಾದದ್ದು ಪ್ಯಾಂಟು ತೊಟ್ಟ, ಟೋಪಿಯ ಮೇಲೆ ಬಿಳಿ ಹೊದಿಕೆ ಹಾಕಿ ಕತ್ತಿನ ಹಿಂದೆ ಬಟ್ಟೆ ಇಳಿಬಿಟ್ಟ ಸಾಮಾನ್ಯ ಬ್ರಿಟಿಷ್ ಕಾಲಾಳು. ಬೇಸಿಗೆಯ ದಂಡಯಾತ್ರೆಗಳಲ್ಲಿ ಅವರು ಹೀಗೆ ಇರುತ್ತಿದ್ದರು. ಕೈಯಲ್ಲಿ 1853ರ ಎನ್‌ಫೀಲ್ಡ್ ರೈಫಲ್ ಇರಲಿ. ನಳಿಗೆಗೆ ಮೂರು ಪಟ್ಟಿ ಇರುವುದೇ ಅದರ ಗುರುತು.

ಇನ್ನು ಭೀಮರಾಯರ ಕಡೆ. ‘ಬಂಡೆದ್ದ ಸಿಪಾಯಿಗಳು’ ಎಂಬ ಪೊಟ್ಟಣ ತೆರೆದರೆ ಮೇಲೆ ಕೆಂಪು ಕೋಟು, ಕೆಳಗೆ ಬಿಳಿ ಧೋತರ ಇರುತ್ತದೆ. ಅವರು ಬಂಗಾಳ ಸೇನೆಯಿಂದ ಸಿಡಿದು ಬಂದ ಸಿಪಾಯಿಗಳು. ಕೊಪ್ಪಳದಲ್ಲಿ ಸೇನೆ ಬಂಡೆದ್ದಿರಲಿಲ್ಲ. ಆಗ ಈ ಊರು ಹೈದರಾಬಾದ್ ನಿಜಾಮರ ದಿವಾನ ಸಾಲಾರ್ ಜಂಗರ ಜಹಗೀರು. ಕೋಟೆ ಹಿಡಿದವರು ಭೀಮರಾಯರ ಜೊತೆ ಬಂದ ದೇಸಾಯಿ, ಗೌಡರ ಕಡೆಯ ಜನ ಮತ್ತು ಹಳ್ಳಿಗರು. ಇವರಿಗೆ ಸಮವಸ್ತ್ರ ಎಲ್ಲಿಂದ ಬರಬೇಕು? ಕಚ್ಚೆ ಹಾಕಿದ ಧೋತರ, ರುಮಾಲು, ಹೆಗಲ ಮೇಲೆ ಕಂಬಳಿ. ಕತ್ತಿ, ಗುರಾಣಿ, ಈಟಿ, ಬತ್ತಿ ಹೊತ್ತಿಸಿ ಸಿಡಿಸುವ ಉದ್ದ ಕೋವಿ. ಆದ್ದರಿಂದ ಸಮವಸ್ತ್ರವಿಲ್ಲದ ಬತ್ತಿ ಕೋವಿಯವರ ಪೊಟ್ಟಣ ಹುಡುಕಿ. ಮ್ಯೂಟಿನೀರ್ ಮಿನಿಯೇಚರ್ಸ್ ಮತ್ತು ಫೌಂಡ್ರಿ ಎರಡರಲ್ಲೂ 1857ರ ಭಾರತದ 28 ಮಿ.ಮೀ. ಲೋಹದ ಗೊಂಬೆಗಳಿವೆ. ಬರಿ ಮೈಯಲ್ಲಿರುವ, ಧೋತರ ಉಟ್ಟವರನ್ನು ಆರಿಸಿಕೊಳ್ಳಿ. ಜೋಲು ಷರಾಯಿ, ಚೂಪು ಕುಲಾವಿಯ ಪಠಾಣರನ್ನು ಬಿಟ್ಟುಬಿಡಿ.

ರುಮಾಲು ಮಾತ್ರ ಯಾವ ತಯಾರಕರದೂ ನಮ್ಮ ಕಡೆಯಂತೆ ಇರುವುದಿಲ್ಲ. ಅದನ್ನು ಎಂ-ಸೀಲ್‌ನಿಂದ ನೀವೇ ಸುತ್ತಬೇಕು. ಗೊಂಬೆಯ ತಲೆಯ ಮೇಲಿನ ಪೇಟವನ್ನು ಬ್ಲೇಡಿನಿಂದ ಕೆರೆದು ಬೋಳು ಮಾಡಿ. ಎಂ-ಸೀಲ್‌ನ ಎರಡು ಭಾಗ ಕಲಸಿ, ಅಂಟು ಸ್ವಲ್ಪ ಕಡಿಮೆಯಾಗುವವರೆಗೆ ಬಿಟ್ಟು, ಒದ್ದೆ ಬೆರಳಿನಿಂದ ಶಾವಿಗೆ ಎಳೆಯಷ್ಟು ಸಣ್ಣಗೆ ಹೊಸೆಯಿರಿ. ಎಡಗಿವಿಯ ಮೇಲಿಂದ ಆರಂಭಿಸಿ ಓರೆಯಾಗಿ ಸುತ್ತಿ, ಸುತ್ತುಗಳ ನಡುವೆ ಒದ್ದೆ ಸೂಜಿಯಿಂದ ಗೀರು ಎಳೆದರೆ ಮಡಿಕೆ ಮೂಡುತ್ತದೆ. ಬೇಗ ಗಟ್ಟಿಯಾಗುವುದರಿಂದ ಒಂದು ಸಲ ಕಲಸಿದ್ದರಲ್ಲಿ ಮೂರು ನಾಲ್ಕು ತಲೆಗಿಂತ ಹೆಚ್ಚು ಮಾಡಲು ಹೋಗಬೇಡಿ. ಕಂಬಳಿಯನ್ನೂ ಹೀಗೆಯೇ ತೆಳ್ಳಗೆ ಚಪ್ಪಟೆ ಮಾಡಿ ಹೆಗಲಿಗೆ ಹೊದಿಸಬಹುದು.

ಗಾತ್ರದ ಮಾತು. ಕೋಟೆಯ ತುದಿ ಬಯಲಿನಿಂದ ಸುಮಾರು 400 ಅಡಿ ಎತ್ತರ. 28 ಮಿ.ಮೀ. ಗೊಂಬೆಯ ಪ್ರಮಾಣದಲ್ಲಿ, ಅಂದರೆ ಸುಮಾರು 56ಕ್ಕೆ 1ರಂತೆ, ಆ ಗುಡ್ಡ ಎರಡು ಮೀಟರ್ ದಾಟುತ್ತದೆ. 6 ಮಿ.ಮೀ. ಗೊಂಬೆ ತೆಗೆದುಕೊಂಡರೆ 40 ಸೆಂ.ಮೀ.ನಲ್ಲಿ ಇಡೀ ಗುಡ್ಡ ಮೇಜಿನ ಮೇಲೆ ಬರುತ್ತದೆ, ಆದರೆ ಆ ಗೊಂಬೆಗೆ ಮುಖವಿಲ್ಲ; ಹದಿನಾಲ್ಕರ ಹುಡುಗನಿಗೆ ಅದು ಬರೀ ಚುಕ್ಕೆ. ನನ್ನ ಮಟ್ಟಿಗೆ ಉತ್ತರ ಒಂದೇ: 28 ಮಿ.ಮೀ. ತೆಗೆದುಕೊಳ್ಳಿ, ಗುಡ್ಡ ಬಿಡಿ. ಒಂದು ಬಾಗಿಲು, ಅದರ ಎರಡು ಕಡೆಯ ಗೋಡೆ, ಮುಂದಿನ ಬಂಡೆಗಳ ನಡುವಿನ ಏರುದಾರಿ, ಇಷ್ಟನ್ನೇ ಮಾಡಿ. ಒಂದೊಂದು ಕಡೆಗೆ ಮೂವತ್ತರಷ್ಟು ಗೊಂಬೆ ಸಾಕು. ಒಂದು ಗೊಂಬೆ ಎಂದರೆ ಒಬ್ಬ ಮನುಷ್ಯ, ಬಿದ್ದರೆ ಒಬ್ಬನೇ ಬಿದ್ದ. ಅದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬಣ್ಣದ ವಿಷಯದಲ್ಲಿ ನಮ್ಮ ಬಿಸಿಲನ್ನು ಮರೆಯಬೇಡಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಪ್ರೈಮರ್ ಸ್ಪ್ರೇ ಮಾಡಿದರೆ ಅದು ಗಾಳಿಯಲ್ಲೇ ಒಣಗಿ ಗೊಂಬೆಯ ಮೇಲೆ ಮರಳಿನಂತೆ ಕೂರುತ್ತದೆ, ಮುಖದ ಗೆರೆಗಳೆಲ್ಲ ಮುಚ್ಚುತ್ತವೆ. ಬೆಳಿಗ್ಗೆ ಬಿಸಿಲೇರುವ ಮೊದಲೇ ಮುಗಿಸಿ. ಮಕ್ಕಳು ಮುಟ್ಟುವುದರಿಂದ ಸೀಸವಿಲ್ಲದ ಲೋಹವೇ ಎಂದು ಕೇಳಿ ಕೊಳ್ಳಿ, ಬಣ್ಣದ ಮೇಲೆ ಎರಡು ಕೈ ವಾರ್ನಿಷ್ ಇರಲಿ. ಹಳೆಯ ಗೊಂಬೆಗಳಲ್ಲಿ ಸೀಸ ಇರುತ್ತಿತ್ತು.

ದೋಆಬ್ ಓದುಗ, ರಾಯಚೂರು

ಬಳ್ಳಾರಿಯವರು ಹೇಳಿದ ಉಡುಪಿನ ವಿವರ ಒಪ್ಪುತ್ತೇನೆ, ಖರ್ಚಿನ ಲೆಕ್ಕ ಒಪ್ಪುವುದಿಲ್ಲ. ಹೊರದೇಶದಿಂದ ಲೋಹದ ಗೊಂಬೆ ತರಿಸಿದರೆ ಸಾಗಣೆಯ ಜೊತೆ ಸುಂಕವನ್ನೂ ಕಟ್ಟಬೇಕು. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಸಂಬಳದಲ್ಲಿ ಮಾಡುವ ಶಿಕ್ಷಕರಿಗೆ ಇದು ಸಣ್ಣ ಹೊರೆಯಲ್ಲ. 72ಕ್ಕೆ 1 ಪ್ರಮಾಣದ ಮೆದು ಪ್ಲಾಸ್ಟಿಕ್ ಡಬ್ಬಿ ನೋಡಿ. ಒಂದೇ ಡಬ್ಬಿಯಲ್ಲಿ ನಲವತ್ತರ ಆಸುಪಾಸು ಗೊಂಬೆ ಸಿಗುತ್ತವೆ. ಕೆಳಗೆ ಬಿದ್ದರೂ ಮುರಿಯುವುದಿಲ್ಲ, ಕೋವಿ ಬಾಗಿದರೂ ಮತ್ತೆ ನೆಟ್ಟಗಾಗುತ್ತದೆ. ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿದ ಮೇಲೆಯೇ ಬಣ್ಣ ಹಚ್ಚಬೇಕು, ಇಲ್ಲವಾದರೆ ಅಚ್ಚಿನ ಎಣ್ಣೆಯ ಮೇಲೆ ಬಣ್ಣ ನಿಲ್ಲುವುದಿಲ್ಲ.

ದಂಡಿನ ಬಣ್ಣಗಾರ, ಬಳ್ಳಾರಿ

ಸುಂಕದ ಮಾತು ನಿಜ, ನಾನು ಅದನ್ನು ಹೇಳಬೇಕಿತ್ತು. ಆದರೂ ಮೆದು ಪ್ಲಾಸ್ಟಿಕ್ ಬಾಗಿದಾಗಲೆಲ್ಲ ಕೋವಿಯ ತುದಿ, ಕತ್ತಿಯ ಅಂಚಿನ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಮಕ್ಕಳ ಕೈಗೆ ಮೊದಲು ಸಿಗುವುದೂ ಅದೇ ಭಾಗ. ನಡುವಿನ ದಾರಿ ಒಂದಿದೆ: ಬ್ರಿಟಿಷರ ಕಡೆಗೆ 28 ಮಿ.ಮೀ. ಗಟ್ಟಿ ಪ್ಲಾಸ್ಟಿಕ್ ಗೊಂಬೆಗಳನ್ನು ಕೊಂಡು ತಲೆ ಬದಲಿಸಿ, ಭೀಮರಾಯರ ಕಡೆಗೆ ಮಾತ್ರ ಲೋಹ. ದುಡ್ಡು ಹಾಕುವುದಾದರೆ ನಮ್ಮವರ ಮೇಲೆ ಹಾಕಿ.

ಕಿನ್ನಾಳದ ನೆರೆಯವಳು

ಮಾಸ್ತರರೇ, ನಮ್ಮೂರಿನಿಂದ ಕಿನ್ನಾಳಕ್ಕೆ ಕೂಗಳತೆಯ ದಾರಿ, ಅಲ್ಲಿಯ ಕೆಲಸ ನೋಡುತ್ತಲೇ ಬೆಳೆದವಳು ನಾನು. ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಸೈನಿಕನ ಕೋವಿಯನ್ನು ಆ ಹಗುರ ಮರದಲ್ಲಿ ಕೆತ್ತಿದರೆ ಮೊದಲ ದಿನವೇ ಮುರಿಯುತ್ತದೆ. ಅವರಿಂದ ಸೈನ್ಯ ಮಾಡಿಸಬೇಡಿ, ಕೋಟೆ ಮಾಡಿಸಿ. ಗೋಣಿನಾರಿನ ಪುಡಿ, ಮರದ ಹೊಟ್ಟು, ಹುಣಸೆಯ ಅಂಟು ಸೇರಿಸಿ ಅವರು ಕಿಟ್ಟ ಎಂಬ ಹದ ಮಾಡುತ್ತಾರೆ. ಮರದ ಭಾಗಗಳನ್ನು ಜೋಡಿಸುವುದೂ ಅದರಿಂದಲೇ. ಬಂಡೆ, ಗೋಡೆಯ ಕಲ್ಲು, ಬುರುಜಿನ ಒರಟುತನಕ್ಕೆ ಅದಕ್ಕಿಂತ ಒಳ್ಳೆಯ ವಸ್ತು ನಿಮಗೆ ಸಿಗುವುದಿಲ್ಲ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಬಾಗಿಲನ್ನು ಅವರ ಮುಂದೆಯೇ ಮಾಡಿಸಿ.

ಕೋಟೆ ಓಣಿಯ ಮಾಸ್ತರ, ಕೊಪ್ಪಳ

ಎಲ್ಲರಿಗೂ ಮನಸಾರೆ ಧನ್ಯವಾದ. ಕಿಲ್ಟ್ ಕೈಬಿಟ್ಟೆ. ಬಾಗಿಲು, ಬಂಡೆಗಳಿಗೆ ಕಿನ್ನಾಳಕ್ಕೆ ಹೋಗುತ್ತೇನೆ ತಂಗಿ. ಬಳ್ಳಾರಿಯ ಅಣ್ಣನಿಗೆ ಇನ್ನೊಂದು ಪ್ರಶ್ನೆ: ಭೀಮರಾಯರನ್ನು ಕುದುರೆಯ ಮೇಲೆ ಕೂರಿಸಲೇ? ಮಕ್ಕಳಿಗೆ ನಾಯಕ ದೂರದಿಂದ ಗುರುತು ಸಿಗಬೇಕು.

ದಂಡಿನ ಬಣ್ಣಗಾರ, ಬಳ್ಳಾರಿ

ಕುದುರೆ ಬೇಡ. ಆ ಬಂಡೆಗಳ ಇಕ್ಕಟ್ಟಿನಲ್ಲಿ, ಬಾಗಿಲ ಹಿಂದೆ, ಕುದುರೆಗೆ ಕೆಲಸವಿಲ್ಲ. ಭೀಮರಾಯರು ಒಂದು ಕಾಲಕ್ಕೆ ಕಂಪನಿ ಸರ್ಕಾರದ ನೌಕರಿಯಲ್ಲಿದ್ದವರು. ಬರಿ ಮೈಯ ಗೊಂಬೆಯನ್ನು ಅವರಿಗೆ ಕೊಡದೆ ಉದ್ದ ಅಂಗಿ, ಅಂಚುಳ್ಳ ಶಲ್ಯ, ದೊಡ್ಡ ರುಮಾಲಿನ ಗೊಂಬೆಯನ್ನು ಆರಿಸಿ. ಉಳಿದವರನ್ನು 25 ಮಿ.ಮೀ. ಬೇಸಿನ (ಗೊಂಬೆ ನಿಲ್ಲಿಸುವ ತಟ್ಟೆಯ) ಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿ. ಭೀಮರಾಯರಿಗೆ ಮಾತ್ರ 40 ಮಿ.ಮೀ. ಬೇಸು ಕೊಟ್ಟು, ಪಕ್ಕದಲ್ಲಿ ಗುರಾಣಿ ಹಿಡಿದ ಕೆಂಚನಗೌಡರನ್ನೂ ಅದೇ ಬೇಸಿನ ಮೇಲೆ ಅಂಟಿಸಿ. ಬೇಸಿನ ಅಂಚಿಗೆ ಕಪ್ಪು ಬೇಡ, ನಿಮ್ಮ ಗುಡ್ಡದ ಕಲ್ಲಿನ ಬೂದುಗೆಂಪು ಹಚ್ಚಿ. ಆ ಕಲ್ಲಿನದೊಂದು ಚೂರು ಕಳಿಸಿಕೊಟ್ಟರೆ ಅದಕ್ಕೆ ಹೊಂದುವ ಬಣ್ಣ ಕಲಸಿ, ಸಣ್ಣ ಡಬ್ಬಿಯಲ್ಲಿ ಬಸ್ಸಿಗೆ ಹಾಕುತ್ತೇನೆ.