ವಾರಕ್ಕೆ ಮೂರು ದಿನ ಬರುವ ತಂಡಕ್ಕೆ ಎಂಥ ಆಫೀಸು ಬೇಕು? ಹುಬ್ಬಳ್ಳಿ-ಧಾರವಾಡದವರು ಅನುಭವ ಹೇಳಿ

ಕೇಳಿದವರು: ಹುಬ್ಬಳ್ಳಿಯ ಸಣ್ಣ ಸಾಫ್ಟ್‌ವೇರ್ ಕಂಪನಿ

ನಾವು ಒಟ್ಟು 30 ಜನ ಇದ್ದೇವೆ. ಗ್ರಾಹಕರೆಲ್ಲ ಬೆಂಗಳೂರು, ಪುಣೆ ಕಡೆಯವರು. ನಮ್ಮ ಹುಡುಗ ಹುಡುಗಿಯರಲ್ಲಿ ಅರ್ಧ ಹುಬ್ಬಳ್ಳಿಯವರು, ಉಳಿದವರು ಧಾರವಾಡ, ಗದಗ, ಹಾವೇರಿಯವರು. ಇನ್ನು ಮೇಲೆ ವಾರಕ್ಕೆ ಮೂರು ದಿನ ಆಫೀಸು, ಎರಡು ದಿನ ಮನೆ ಅಂತ ತೀರ್ಮಾನ ಮಾಡಿದ್ದೇವೆ. ಗೋಕುಲ ರಸ್ತೆಯಲ್ಲಿ 1,800 ಚದರಡಿಯ ಖಾಲಿ ಹಾಲ್ ಒಂದನ್ನು ನೋಡಿದ್ದೇವೆ. ಪಶ್ಚಿಮದ ಕಡೆ ಪೂರ್ತಿ ಗಾಜು. ಇಂಟೀರಿಯರ್‌ನವರು 30 ಟೇಬಲ್, ಒಂದು ದೊಡ್ಡ ಕಾನ್ಫರೆನ್ಸ್ ರೂಮ್, ಒಂದು ಕ್ಯಾಬಿನ್ ಹಾಕಿ ನಕ್ಷೆ ಕೊಟ್ಟಿದ್ದಾರೆ. ಇದು ಸರೀನಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಕೇಶ್ವಾಪುರದಿಂದ

ಅಡ್ವಾನ್ಸ್ ಕೊಡುವ ಮೊದಲು ಸಂಜೆ ನಾಲ್ಕು ಗಂಟೆಗೆ ಒಮ್ಮೆ ಆ ಹಾಲಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತು ನೋಡಿ. ಪಶ್ಚಿಮದ ಗಾಜು ಅಂದ್ರೆ ಏಪ್ರಿಲ್, ಮೇ ತಿಂಗಳಲ್ಲಿ ಸ್ಕ್ರೀನೇ ಕಾಣುವುದಿಲ್ಲ. ಒಳಗೆ ಪರದೆ ಹಾಕಿದರೆ ಕಣ್ಣಿಗೆ ಹೊಡೆಯುವ ಬೆಳಕು ನಿಲ್ಲುತ್ತದೆ, ಕಾವು ಅಷ್ಟೊತ್ತಿಗೆ ಗಾಜು ದಾಟಿ ಒಳಗೆ ಬಂದಿರುತ್ತದೆ. ನೆರಳು ಗಾಜಿನ ಹೊರಗಡೆಯೇ ಬೇಕು. ಹೊರಗೆ ಚಿಕ್ಕ ಛಾವಣಿಯನ್ನೋ ಜಾಲರಿಯನ್ನೋ ಹಾಕಲು ಮಾಲೀಕರು ಒಪ್ಪುತ್ತಾರಾ, ಈಗಲೇ ಕೇಳಿಬಿಡಿ. ಒಪ್ಪದಿದ್ದರೆ ಆ ಗೋಡೆಯ ಪಕ್ಕ ಟೇಬಲ್ ಇಡಬೇಡಿ, ಓಡಾಡುವ ದಾರಿ ಬಿಡಿ.

ವಿದ್ಯಾನಗರದಿಂದ, ಅಕೌಂಟ್ಸ್ ಸೇವೆಯ ತಂಡ ನಡೆಸುವವರು

ಅಣ್ಣಾರ, ಟೇಬಲ್ ಎಣಿಸುವ ಮೊದಲು ಒಂದು ವಾರದ ಲೆಕ್ಕ ಬರೆದು ನೋಡಿ. 30 ಜನ ಮೂರು ಮೂರು ದಿನ ಬಂದರೆ ಸರಾಸರಿ ದಿನಕ್ಕೆ 18. ಆದರೆ 18 ಜನ ಬರುವ ದಿನ ಒಂದೂ ಇರುವುದಿಲ್ಲ. ಅವರವರ ಇಷ್ಟಕ್ಕೆ ಬಿಟ್ಟರೆ ಬಹುತೇಕ ಎಲ್ಲರೂ ಸೋಮವಾರ, ಶುಕ್ರವಾರ ಮನೆಯಲ್ಲೇ ಇರುತ್ತಾರೆ. ನಡುವಿನ ಮೂರು ದಿನ 27-28 ಜನ ಒತ್ತಿಕೊಂಡು ಕೂರಬೇಕು, ಉಳಿದ ಎರಡು ದಿನ ನಾಲ್ಕೈದು ಜನರಿಗೆ ಎಸಿ ಓಡಬೇಕು. ಗದಗ, ಹಾವೇರಿಯವರಿಗೆ ಶನಿವಾರ, ಭಾನುವಾರದ ಜೊತೆ ಊರಲ್ಲಿ ಇನ್ನೊಂದು ದಿನ ಸಿಗುತ್ತದೆ ಅಂದರೆ ಯಾರು ಬೇಡ ಅಂತಾರೆ? ಅದು ತಪ್ಪೂ ಅಲ್ಲ.

ನಾವು ತಂಡವನ್ನು ಎರಡು ಮಾಡಿದೆವು. ನಿಮ್ಮ ಲೆಕ್ಕಕ್ಕೆ ಹೇಳುವುದಾದರೆ 15 ಜನ ಸೋಮವಾರ, ಮಂಗಳವಾರ ಬರಲಿ. ಇನ್ನು 15 ಜನ ಗುರುವಾರ, ಶುಕ್ರವಾರ ಬರಲಿ. ಬುಧವಾರ ಎಲ್ಲರೂ. ಬುಧವಾರ ಯಾರೂ ಒಬ್ಬೊಬ್ಬರೇ ಟೇಬಲ್ಲಿಗೆ ಅಂಟಿಕೊಂಡು ಕೂರುವುದಿಲ್ಲ. ಅದು ಮಾತಾಡುವ ದಿನ, ಹೊಸಬರಿಗೆ ಹೇಳಿಕೊಡುವ ದಿನ, ಜಗಳ ಇದ್ದರೆ ಬಗೆಹರಿಸುವ ದಿನ. ಹಾಗಾಗಿ 18ರಿಂದ 20 ಒಳ್ಳೆಯ ಟೇಬಲ್ ಸಾಕು. ಯಾರಿಗೂ ಖಾಯಂ ಟೇಬಲ್ ಬೇಡ, ಬಂದವರು ಖಾಲಿ ಇದ್ದಲ್ಲಿ ಕೂರಲಿ. ಓಡಾಡುವ ಜಾಗ ಸೇರಿ ಒಂದು ಟೇಬಲ್ಲಿಗೆ 35-40 ಚದರಡಿ ಹೋಗುತ್ತದೆ. ಹತ್ತು ಟೇಬಲ್ ಬಿಟ್ಟರೆ 350-400 ಚದರಡಿ ಉಳಿಯಿತು, ಅಲ್ವಾ? ನಿಮ್ಮ ಆಫೀಸು ಚೆನ್ನಾಗಿ ಆಗುವುದೇ ಆ ಉಳಿದ ಜಾಗದಲ್ಲಿ.

ಈಗ ಮುಖ್ಯ ವಿಷಯ, ಸದ್ದು. ಇದನ್ನು ಯಾವ ಇಂಟೀರಿಯರ್‌ನವರೂ ತಾವಾಗಿ ಎತ್ತುವುದಿಲ್ಲ. ವಾರಕ್ಕೆ ಐದು ದಿನ ಎಲ್ಲರೂ ಬರುತ್ತಿದ್ದಾಗ ಪಕ್ಕದವರ ಹತ್ತಿರ ಮಾತಾಡಿದರೆ ಆಯಿತು. ಈಗ ಪಕ್ಕದವರು ಮನೆಯಲ್ಲಿದ್ದಾರೆ. ಆಫೀಸಿಗೆ ಬಂದವರೂ ದಿನದ ಬಹುಪಾಲು ಕರೆಯಲ್ಲೇ ಇರುತ್ತಾರೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡವರು ತಮ್ಮ ದನಿ ಎಷ್ಟು ಎತ್ತರ ಇದೆ ಅಂತ ಗೊತ್ತಾಗದೆ ಇನ್ನೂ ಜೋರಾಗಿ ಮಾತಾಡುತ್ತಾರೆ. ಇಂಥ ಖಾಲಿ ಹಾಲಿನಲ್ಲಿ ಸಾಮಾನ್ಯವಾಗಿ ಕೆಳಗೆ ವಿಟ್ರಿಫೈಡ್ ಟೈಲ್ಸ್, ಒಂದು ಕಡೆ ಗಾಜು, ಮೇಲೆ ಕಾಂಕ್ರೀಟು. ಮೂರೂ ಸದ್ದನ್ನು ಹಾಗೇ ವಾಪಸ್ ಎಸೆಯುತ್ತವೆ. ಒಂದೇ ಹೊತ್ತಿಗೆ ಆರು ಜನ ಕರೆಯಲ್ಲಿದ್ದರೆ ಆ ಹಾಲು ದುರ್ಗದಬೈಲಿನ ಸಂಜೆಯ ಸಂತೆ ಇದ್ದಂತೆ ಇರುತ್ತದೆ.

ಅದಕ್ಕೇ ನಕ್ಷೆಯಲ್ಲಿರುವ ದೊಡ್ಡ ಕಾನ್ಫರೆನ್ಸ್ ರೂಮನ್ನು ಸಣ್ಣ ಸಣ್ಣದಾಗಿ ಒಡೆಯಿರಿ. ಆರು ಜನರ ಒಂದು ಕೋಣೆ, ಒಬ್ಬರೇ ಕೂರುವ ಮೂರು ಗೂಡು ಮಾಡಿ. ಕ್ಯಾಬಿನ್ನೂ ಕೈಬಿಡಿ. ಎಂ.ಡಿ.ಯವರು ಹೊರಗೆ ಹೋದಾಗ ಅದು ಸುಮ್ನೆ ಬೀಗ ಹಾಕಿಕೊಂಡು ಇರುತ್ತದೆ. ಗೂಡು 4 ಅಡಿಗೆ 4 ಅಡಿ ಸಾಕು, ಆದರೆ ಸಣ್ಣ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು, ಗಾಳಿ ಒಳಗೆ ಬರಲು ದಾರಿಯೂ ಬೇಕು. ಇಲ್ಲದಿದ್ದರೆ ಸ್ವಲ್ಪ ಹೊತ್ತಿಗೇ ಒಳಗಿದ್ದವರು ಬೆವೆತು ಬಾಗಿಲು ತೆರೆದಿಟ್ಟು ಮಾತಾಡುತ್ತಾರೆ. ಆಮೇಲೆ ಗೂಡು ಇದ್ದೂ ಇಲ್ಲದಂತೆ.

ಪಾರ್ಟಿಷನ್ ಮಾಡುವಾಗ ಕೆಲಸದವರ ಹತ್ತಿರ ನಿಂತು ನೋಡಿ. ಎಷ್ಟೋ ಕಡೆ ಗೋಡೆಯನ್ನು ಫಾಲ್ಸ್ ಸೀಲಿಂಗಿಗೇ ನಿಲ್ಲಿಸಿಬಿಡುತ್ತಾರೆ. ಮಾತು ಸೀಲಿಂಗಿನ ಮೇಲಿಂದ ಹತ್ತಿ ಪಕ್ಕದ ಕೋಣೆಗೆ ಇಳಿಯುತ್ತದೆ. ಮೇಲಿನ ಸ್ಲ್ಯಾಬ್ ತನಕ ಗೋಡೆ ಹೋಗಲಿ, ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ.

ಹಾಲಿನ ಗದ್ದಲಕ್ಕೆ ಬೇರೆ ಮದ್ದು. ಅಲ್ಲಿ ಸದ್ದನ್ನು ತಡೆಯುವುದಲ್ಲ, ಹೀರಬೇಕು. ನಾವು ನವಲಗುಂದದ ಜಮಖಾನೆಗಳನ್ನು ತಂದು ಗೋಡೆಗೆ ಹಾಕಿದ್ದೇವೆ. ಮರದ ಚೌಕಟ್ಟು, ಅದರಲ್ಲಿ 50 ಎಂಎಂ ರಾಕ್‌ವೂಲ್ (ಕಲ್ಲಿನ ನಾರಿನ ದಪ್ಪ ಹಾಸು), ಅದರ ಮೇಲೆ ತೆಳು ಬಟ್ಟೆ, ಎಲ್ಲದರ ಮೇಲೆ ಜಮಖಾನೆ. ಬರೀ ಜಮಖಾನೆ ಹಾಕಿದರೆ ಹೆಚ್ಚು ಪ್ರಯೋಜನ ಇಲ್ಲ, ಅದು ತೆಳು. ಹಿಂದೆ ದಪ್ಪ ಇದ್ದರೇ ಕೆಲಸ ಮಾಡುತ್ತದೆ. ಗೋಡೆಯಿಂದ ಎರಡು ಇಂಚು ದೂರ ಬಿಟ್ಟು ಕೂರಿಸಿದರೆ ಇನ್ನೂ ಒಳ್ಳೆಯದು. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ನೇಯ್ದದ್ದು, ಜಿಐ ಗುರುತು (ಒಂದು ಊರಿನ ವಿಶೇಷ ವಸ್ತುವಿಗೆ ಸಿಗುವ ಗುರುತು) ಇರುವ ವಸ್ತು. ಆ ನವಿಲು, ಆ ಪಗಡೆ ಹಾಸಿನ ವಿನ್ಯಾಸ ವಿಡಿಯೊ ಕರೆಯಲ್ಲಿ ಹಿಂದೆ ಕಂಡಾಗ ಪುಣೆಯವರು ಅದೇನು ಅಂತ ಕೇಳುತ್ತಾರೆ. ಹೇಳಲು ನನಗೆ ನಿಜವಾಗಲೂ ಖುಷಿ.

ಧಾರವಾಡದಿಂದ, ಆರ್ಕಿಟೆಕ್ಟ್

ಮೇಲಿನ ಅಕ್ಕಾರು ಸದ್ದಿನ ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಟೇಬಲ್ ಎಲ್ಲವೂ ಎಲ್ಲರದು ಅನ್ನೋದನ್ನು ಮಾತ್ರ ಸ್ವಲ್ಪ ಯೋಚಿಸಿ. ದಿನಾ ಹೊಸ ಜಾಗ ಹುಡುಕುವುದು ಕೆಲವರಿಗೆ ಬಹಳ ಕಷ್ಟ. ಬೆನ್ನು ನೋವಿದ್ದವರಿಗೆ, ಎರಡು ಮಾನಿಟರ್ ಬೇಕಾದ ಟೆಸ್ಟಿಂಗ್‌ನವರಿಗೆ ಖಾಯಂ ಜಾಗ ಕೊಡಿ. ಉಳಿದವರಿಗೆ ಬೀಗ ಇರುವ ಒಂದೊಂದು ಲಾಕರ್ ಆದರೂ ಇರಲಿ. ಚಾರ್ಜರ್, ಛತ್ರಿ, ಹೆಡ್‌ಫೋನ್ ಹೊತ್ತು ಗದಗದಿಂದ ರೈಲಿನಲ್ಲಿ ಬರಬೇಕಾ ಯಾರಾದರೂ?

ಇನ್ನೊಂದು ಮಾತು. ಗೋಕುಲ ರಸ್ತೆಯ ಹಾಲೇ ಬೇಕು ಅಂತಿಲ್ಲದಿದ್ದರೆ ದೇಶಪಾಂಡೆ ನಗರ, ವಿದ್ಯಾನಗರದ ಹಳೆಯ ಮನೆಗಳನ್ನೂ ನೋಡಿ. ಹೀಗೆ ಮನೆ, ಆಫೀಸು ಎರಡೂ ಇರುವ ಹೈಬ್ರಿಡ್ ಕೆಲಸಕ್ಕೆ ಬೇಕಾದ್ದು ಸಣ್ಣ ಸಣ್ಣ ಕೋಣೆಗಳು. ಅಲ್ಲಿ ಅವು ಕಟ್ಟಿಯೇ ಇವೆ, ಗೋಡೆಯೂ ದಪ್ಪ. ವಿದ್ಯಾನಗರದ ಮುಂದೆಯೇ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ ನಿಲ್ಲುತ್ತದೆ. ಗೋಕುಲ ರಸ್ತೆಗಾದರೆ ಧಾರವಾಡದವರು ಹೊಸೂರಲ್ಲಿ ಇಳಿದು ಮತ್ತೆ ಆಟೊ ಹಿಡಿಯಬೇಕು. ಬಾಡಿಗೆ ಕರಾರು 11 ತಿಂಗಳದ್ದಾದರೆ ಬಿಚ್ಚಿಕೊಂಡು ಹೋಗುವಂಥದ್ದಕ್ಕೇ ದುಡ್ಡು ಹಾಕಿ. ಒಳ್ಳೆಯ ಕುರ್ಚಿ, ಲಾಕರ್, ಚೌಕಟ್ಟಿನ ಪ್ಯಾನೆಲ್ ನಿಮ್ಮ ಜೊತೆ ಬರುತ್ತವೆ. ಫಾಲ್ಸ್ ಸೀಲಿಂಗ್ ಬರುವುದಿಲ್ಲ.

ಕೇಳಿದವರು

ಬಹಳ ಉಪಯೋಗ ಆಯ್ತು. ಹಳೆಯ ಮನೆಯಲ್ಲಿ ವೈಫೈ ಬರುತ್ತಾ? ಕರೆಂಟಿನ ಕಥೆ ಏನು?

ನವನಗರದಿಂದ, ನೆಟ್‌ವರ್ಕ್ ಕೆಲಸ ಮಾಡುವವರು

ದಪ್ಪ ಗೋಡೆ ದಾಟಿ 5 ಗಿಗಾಹರ್ಟ್ಸ್ ವೈಫೈ ಸರಿಯಾಗಿ ಬರುವುದಿಲ್ಲ. ಕೋಣೆ ಕೋಣೆಗೆ ಕೇಬಲ್ ಎಳೆದು ಅಲ್ಲೇ ಆಕ್ಸೆಸ್ ಪಾಯಿಂಟ್ (ವೈಫೈ ಕೊಡುವ ಪೆಟ್ಟಿಗೆ) ಕೂರಿಸಿ. ಮೀಟಿಂಗ್ ಕೋಣೆಯ ಟಿವಿಗೆ ವೈಫೈ ಬೇಡವೇ ಬೇಡ, ನೇರ ಕೇಬಲ್ ಕೊಡಿ.

ಒಂದು ಒಳ್ಳೆಯ ವಿಡಿಯೊ ಕರೆಗೆ ಅಪ್‌ಲೋಡ್ 3-4 ಎಂಬಿಪಿಎಸ್, ಡೌನ್‌ಲೋಡ್ ಕೂಡ ಅಷ್ಟೇ ಅಂತ ಇಟ್ಟುಕೊಳ್ಳಿ. 15 ಜನ ಒಟ್ಟಿಗೆ ಕರೆಯಲ್ಲಿದ್ದರೆ 60 ಬೇಕು. ಪ್ಲಾನ್ ತೆಗೆದುಕೊಳ್ಳುವಾಗ ಡೌನ್‌ಲೋಡ್ ಒಂದೇ ನೋಡದೆ ಅಪ್‌ಲೋಡ್ ಎಷ್ಟು ಅಂತ ಕೇಳಿ. ಎರಡು ಕಂಪನಿಯ ಫೈಬರ್ ಇರಲಿ, ಎರಡೂ ಒಂದೇ ಕಂಬದ ಮೇಲೆ ಬರದಿರಲಿ. ರಸ್ತೆ ಅಗೆದಾಗ, ಮರ ಬಿದ್ದಾಗ ಎರಡೂ ಒಟ್ಟಿಗೆ ಹೋದರೆ ಎರಡು ಇದ್ದು ಏನು ಬಂತು?

ಮೇ ತಿಂಗಳ ಗುಡುಗು ಮಳೆಗೆ ಸಂಜೆ ಹೊತ್ತು ಕರೆಂಟ್ ಹೋಗುವುದು ಇದ್ದದ್ದೇ. ಲ್ಯಾಪ್‌ಟಾಪ್ ತನ್ನ ಬ್ಯಾಟರಿ ಮೇಲೆ ಓಡುತ್ತದೆ. ರೌಟರ್, ಸ್ವಿಚ್, ಮೀಟಿಂಗ್ ಕೋಣೆ, ಗೂಡಿನ ಫ್ಯಾನ್ ಇವಿಷ್ಟನ್ನು ಯುಪಿಎಸ್‌ಗೆ ಹಾಕಿ. ಎಸಿ ಎಷ್ಟು ಅಂತ ಗೊತ್ತಾದ ಮೇಲೆ ಮೀಟರಿನ ಮಂಜೂರಾದ ಲೋಡ್ ಸಾಲುತ್ತಾ ನೋಡಿ. ಮನೆಯ ಮೀಟರಾದರೆ ಹೆಸ್ಕಾಂನಲ್ಲಿ ಕಚೇರಿ ಬಳಕೆಗೆ ಬದಲಾಯಿಸಬೇಕು, ಬಾಡಿಗೆ ಮಾತಾಡುವಾಗಲೇ ಆ ಖರ್ಚು ಯಾರದು ಅಂತ ಹೇಳಿಸಿಕೊಳ್ಳಿ.

ಕ್ಯಾಮೆರಾ ಟಿವಿಯ ಮೇಲೆ ಎತ್ತರದಲ್ಲಿ ಬೇಡ, ಕೂತವರ ಕಣ್ಣಿನ ಮಟ್ಟಕ್ಕೆ ಇರಲಿ. ಒಂದೇ ಕೋಣೆಯಲ್ಲಿ ಇಬ್ಬರು ಲ್ಯಾಪ್‌ಟಾಪಿನಿಂದ ಸೇರಿದರೆ ಒಂದರ ಮೈಕು, ಸ್ಪೀಕರು ಮಾತ್ರ ತೆರೆದಿರಲಿ. ಇಲ್ಲದಿದ್ದರೆ ಸದ್ದು ಸುತ್ತಿ ಸುತ್ತಿ ಕೂಗುತ್ತದೆ.

ಗದಗದಿಂದ, ಹುಬ್ಬಳ್ಳಿಗೆ ಓಡಾಡುವ ಉದ್ಯೋಗಿ

ಎಲ್ಲರೂ ಕಟ್ಟುವವರ ಕಡೆಯಿಂದ ಹೇಳಿದ್ದೀರಿ. ಬರುವವರ ಕಡೆಯಿಂದ ನಾನೊಂದು ಮಾತು ಹೇಳುತ್ತೇನೆ. ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ. ಅಷ್ಟು ದೂರ ಬಂದು ಹೆಡ್‌ಫೋನ್ ಹಾಕಿಕೊಂಡು ಮನೆಯಲ್ಲಿ ಮಾಡುವ ಕೆಲಸವನ್ನೇ ಮಾಡುವುದಾದರೆ ಬೇಸರ ಬರುತ್ತದೆ. ನಾನು ಬರುವುದು ಜನರಿಗಾಗಿ.

ಹಾಗಾಗಿ ಊಟದ ಜಾಗವನ್ನು ಮೂಲೆಗೆ ತಳ್ಳಬೇಡಿ. ಹತ್ತು ಹನ್ನೆರಡು ಜನ ಸುತ್ತ ಕೂರುವ ಒಂದು ಉದ್ದನೆಯ ಮೇಜು ಹಾಕಿ. ನಮ್ಮ ಕಡೆ ಡಬ್ಬಿ ಒಬ್ಬರೇ ತೆರೆಯುವುದಿಲ್ಲ. ಒಬ್ಬರ ರೊಟ್ಟಿ, ಇನ್ನೊಬ್ಬರ ಎಣ್ಣೆಗಾಯಿ, ಮತ್ತೊಬ್ಬರ ಶೇಂಗಾ ಚಟ್ನಿ ಸೇರಬೇಕು. ಕೆಲಸದಲ್ಲಿ ಸಿಕ್ಕಿಬಿದ್ದ ವಿಷಯವನ್ನು ನಾನು ಹೆಚ್ಚಾಗಿ ಕೇಳಿ ಬಗೆಹರಿಸಿಕೊಂಡದ್ದು ಊಟದ ಹೊತ್ತಲ್ಲೇ. ಬುಧವಾರ ಅದೇ ಮೇಜು ಮೀಟಿಂಗಿಗೂ ಆಗುತ್ತದೆ. ಕೈ ತೊಳೆಯುವ ಸಿಂಕು ಹತ್ತಿರದಲ್ಲೇ ಇರಲಿ, ಹೆಣ್ಣುಮಕ್ಕಳ ಶೌಚಾಲಯ ಬೇರೆ ಇರಲಿ.

ಮತ್ತೆ ನಾಲ್ಕರ ಮೇಲೆ ಎಲ್ಲರೂ ಸೇರುವ ಮೀಟಿಂಗ್ ಇಡಬೇಡಿ. ನಮಗೆ ರೈಲು ತಪ್ಪಿದರೆ ಮುಂದಿನದ್ದು ಎಷ್ಟು ಹೊತ್ತಿಗೋ. ನಿಮ್ಮಲ್ಲಿ ಗದಗ, ಹಾವೇರಿಯವರು ಯಾವ ಗಾಡಿಗೆ ಬರುತ್ತಾರೆ, ಯಾವ ಗಾಡಿಗೆ ಹೋಗುತ್ತಾರೆ ಅಂತ ಮೊದಲು ಕೇಳಿ ಬರೆದುಕೊಳ್ಳಿ. ಯಾವ ತಂಡಕ್ಕೆ ಯಾವ ದಿನ ಅನ್ನೋದನ್ನು ಆಮೇಲೆ ಗೊತ್ತು ಮಾಡಿ.