ಅಪ್‌ಡೇಟ್: ಸಿಜಿಐ ಸ್ಕ್ರಿಪ್ಟ್‌ನ 500 ದೋಷ ಬಗೆಹರಿಯಿತು

ಟರ್ಮಿನಲ್‌ನಲ್ಲಿ ಸರಿಯಾಗಿ ಓಡುವ ಶೆಲ್ ಸ್ಕ್ರಿಪ್ಟ್, ವೆಬ್ ಸರ್ವರ್ ಸಿಜಿಐ (ಸರ್ವರ್ ಒಂದು ಪ್ರೋಗ್ರಾಂ ಓಡಿಸಿ ಅದರ ಔಟ್‌ಪುಟ್ಟನ್ನೇ ಪುಟವಾಗಿ ಕಳುಹಿಸುವ ವಿಧಾನ) ಮೂಲಕ ಕರೆದಾಗ ಮಾತ್ರ 500 ದೋಷ (ಸರ್ವರ್‌ನ ಒಳಗಿನ ದೋಷ) ತೋರಿಸುವುದೇಕೆ ಎಂದು ಕೇಳಿದ್ದೆ. ಕಾರಣ ಸಿಕ್ಕಿತು. ಪುಟ ಯಾವ ಬಗೆಯದೆಂದು ಹೇಳಲು ಸ್ಕ್ರಿಪ್ಟ್ ಮುದ್ರಿಸುವ ಕಂಟೆಂಟ್-ಟೈಪ್ ಹೆಡರ್‌ನ ನಂತರ ಒಂದು ಖಾಲಿ ಸಾಲು ಇರಲೇಬೇಕು. ಹೆಡರ್ ಮುಗಿಯಿತೆಂದು ಸರ್ವರ್‌ಗೆ ತಿಳಿಯುವುದು ಅದರಿಂದಲೇ. ಖಾಲಿ ಸಾಲು ಮುದ್ರಿಸಲು ಬರಿಯ ಒಂದು ಎಕೋ ಆಜ್ಞೆ ಸೇರಿಸಿದೆ, ಪುಟ ಬಂತು!

ಯುಆರ್‌ಎಲ್‌ನ ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗ ಸ್ಕ್ರಿಪ್ಟ್‌ಗೆ ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಂಗೆ ಹೊರಗಿನಿಂದ ಸಿಗುವ, ಹೆಸರಿಟ್ಟ ಮೌಲ್ಯ) ಆಗಿ ಬರುತ್ತದೆ, ಪೋಸ್ಟ್ ಮಾಡಿದ ಮಾಹಿತಿ ಸ್ಟ್ಯಾಂಡರ್ಡ್ ಇನ್‌ಪುಟ್‌ನಲ್ಲಿ. ಹೀಗೆ ಬಂದ ಮಾಹಿತಿಯನ್ನು ಇವ್ಯಾಲ್‌ಗೆ (ಪಠ್ಯವನ್ನೇ ಆಜ್ಞೆಯಾಗಿ ನಡೆಸುವ ಶೆಲ್ ಸೌಲಭ್ಯ) ಕೊಡಿ ಎಂದು ನನಗೆ ಬಂದ ಸಲಹೆಯನ್ನು ಮಾತ್ರ ಒಪ್ಪಲಾರೆ: ಯಾರೋ ಬರೆದು ಕಳುಹಿಸಿದ ಆಜ್ಞೆಯನ್ನು ನಮ್ಮ ಸರ್ವರ್ ಕಣ್ಣುಮುಚ್ಚಿ ನಡೆಸಿಬಿಡುತ್ತದೆ. 2014ರಲ್ಲಿ ಬಯಲಾದ ಶೆಲ್‌ಶಾಕ್ ಎಂಬ ಭದ್ರತಾ ಲೋಪದಲ್ಲಂತೂ ಇವ್ಯಾಲ್ ಕೂಡ ಬೇಕಿರಲಿಲ್ಲ. ಬ್ಯಾಶ್ ಎಂಬ ಶೆಲ್‌ನ ದೋಷದಿಂದಾಗಿ ವಿನಂತಿಯ ಹೆಡರ್‌ನಲ್ಲಿ ಅಡಗಿಸಿದ ಆಜ್ಞೆಯೇ ಸಾಕಾಗಿತ್ತು.

ಪ್ರತಿ ವಿನಂತಿಗೂ ಹೊಸ ಪ್ರೊಸೆಸ್ ಹುಟ್ಟುವುದರಿಂದ ಸಿಜಿಐ ನಿಧಾನ, ನಿಜ. ನನ್ನ ಡಿಸ್ಕ್ ಬಳಕೆಯ ಪುಟಕ್ಕೆ ಇಷ್ಟು ಧಾರಾಳ.